ಬಾಲ್ಕನಿಗೆ ಬಂದರಷ್ಟೇ ‘ಹಲೋ’

ಬೆಳಿಗ್ಗೆ ಹತ್ತೂವರೆ. ಸಿಲಿಂಡರ್ ಹೊತ್ತು ತಂದ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ. ‘ಅಮ್ಮಾ, ಕೋಡ್ ಬಂದಿರುತ್ತೆ ನೋಡಿ’ ಎನ್ನುತ್ತಾನೆ. ಮನೆಯಾಕೆ ಫೋನ್ ನೋಡಿದರೆ ಏನೂ ಇಲ್ಲ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ರೂಮಿಗೆ, ಅಲ್ಲಿಂದ ಬಾಲ್ಕನಿಗೆ ಓಟ. ಆರತಿ ಬೆಳಗುವಂತೆ ಫೋನನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ ಮೇಲೆ ಟಿಣ್ ಟಿಣ್ ಎಂದು ಆರು ಮೆಸೇಜು ಒಟ್ಟಿಗೇ ಬೀಳುತ್ತವೆ. ಅದರಲ್ಲಿ ಒಂದು ನಿನ್ನೆ ರಾತ್ರಿಯ ಬ್ಯಾಂಕಿನ ಒಟಿಪಿ, ಅವಧಿ ಮುಗಿದದ್ದು.

ಸಂಜೆಯಾದರೆ ಇದೇ ಬಾಲ್ಕನಿಗಳಲ್ಲಿ ಸಾಲಾಗಿ ಜನ. ಒಬ್ಬರು ಆಫೀಸಿನ ಜಗಳ ಆಡುತ್ತಿದ್ದಾರೆ, ಇನ್ನೊಬ್ಬರು ಮಗಳ ಜಾತಕದ ವಿಷಯ ಮಾತಾಡುತ್ತಿದ್ದಾರೆ. ಎದುರು ಬ್ಲಾಕಿನವರ ಗೃಹಸಾಲ ಯಾಕೆ ತಿರಸ್ಕೃತವಾಯಿತು ಎಂಬುದು ನಮಗೆಲ್ಲ ಗೊತ್ತು. ಅವರೇ ಮೂರು ದಿನ ಕೂಗಿ ಹೇಳಿದ್ದಾರೆ.

ವಿಚಿತ್ರವೆಂದರೆ ಆ ಬಾಲ್ಕನಿಯಲ್ಲಿ ನಿಂತರೆ ಟವರ್ ಕಣ್ಣಿಗೇ ಕಾಣುತ್ತದೆ. ಊರ ನಡುವೆ, ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಮನೆಯಲ್ಲಿ, ಕಣ್ಣೆದುರಿಗೆ ಟವರ್ ಇಟ್ಟುಕೊಂಡು ‘ಹಲೋ, ಕೇಳಿಸ್ತಿದೆಯಾ’ ಅನ್ನಬೇಕಾದ ಪರಿಸ್ಥಿತಿ ಯಾಕೆ? ಬೈಗುಳವೆಲ್ಲ ಕಂಪನಿಗೆ ಹೋಗುತ್ತದೆ. ಅದರಲ್ಲಿ ಅರ್ಧವಾದರೂ ನಮ್ಮ ಗೋಡೆಗೆ ಸಲ್ಲಬೇಕಾದದ್ದು.

ಕಡ್ಡಿ ಎಣಿಸಬೇಡಿ

ಫೋನಿನ ತಲೆಯ ಮೇಲಿನ ನಾಲ್ಕು ಕಡ್ಡಿಗಳನ್ನು ನಾವು ಥರ್ಮಾಮೀಟರಿನಂತೆ ನಂಬುತ್ತೇವೆ. ಆದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪಿತವಾದ ಲೆಕ್ಕವೇ ಇಲ್ಲ. ಫೋನ್ ಮಾಡುವವರು ತಮಗೆ ತೋಚಿದಂತೆ ಹಾಕಿಕೊಂಡಿರುತ್ತಾರೆ. 2010ರಲ್ಲಿ ಐಫೋನ್ 4 ಬಗ್ಗೆ ದೂರುಗಳು ಬಂದಾಗ, ಕಡ್ಡಿ ತೋರಿಸುವ ತನ್ನ ಸೂತ್ರವೇ ತಪ್ಪಾಗಿತ್ತು, ಇರುವುದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿತ್ತು ಎಂದು ಆ್ಯಪಲ್ ಕಂಪನಿಯೇ ಒಪ್ಪಿಕೊಂಡಿತ್ತು.

ನಿಜವಾದ ಅಂಕಿ ಬೇಕೆಂದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ ಸಿಮ್ ಸ್ಟೇಟಸ್ ನೋಡಬೇಕು. ಅಲ್ಲಿ ಮೈನಸ್ 85, ಮೈನಸ್ 110 ಎಂಬಂತೆ ಒಂದು ಸಂಖ್ಯೆ ಇರುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದು ಬರೆದಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 80ರ ಆಸುಪಾಸು ಸುಖ, 100 ದಾಟಿದರೆ ಪರದಾಟ, 120ಕ್ಕೆ ಕತ್ತಲೆ.

ಈ ಲೆಕ್ಕದಲ್ಲಿ ಒಂದು ಮೋಸವಿದೆ. ಹತ್ತು ಕಡಿಮೆಯಾಯಿತು ಎಂದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಿತು ಎಂದರ್ಥ. ಇಪ್ಪತ್ತಾದರೆ ನೂರನೇ ಒಂದು, ಮೂವತ್ತಾದರೆ ಸಾವಿರದಲ್ಲಿ ಒಂದು. ಒಂದು ಭಾನುವಾರ ನಾನು ಫೋನ್ ಹಿಡಿದು ಮನೆಯಿಡೀ ಓಡಾಡಿದೆ. ಬಾಲ್ಕನಿಯಲ್ಲಿ ಮೈನಸ್ 87. ಹಾಲಿನ ಸೋಫಾದಲ್ಲಿ 99. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ 110. ಬಚ್ಚಲುಮನೆಯ ಬಾಗಿಲು ಹಾಕಿಕೊಂಡರೆ 117. ಅಂದರೆ ಹತ್ತು ಹೆಜ್ಜೆ ನಡೆಯುವುದರೊಳಗೆ ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಪಾಲು ಸೋರಿಹೋಗಿತ್ತು.

ಆದರೂ ಫೋನ್ ಕೈಬಿಡುವುದಿಲ್ಲ ಎಂಬುದು ಸೋಜಿಗ. ಮೈನಸ್ 90 ಎಂದರೆ ಒಂದು ವಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು ಅಷ್ಟೇ. ಅಷ್ಟು ಪಿಸುಮಾತನ್ನು ಹಿಡಿದು ನಮಗೆ ಕ್ರಿಕೆಟ್ ಪಂದ್ಯ ತೋರಿಸುವ ಯಂತ್ರವನ್ನು ನಾವು ‘ದರಿದ್ರದ್ದು’ ಎಂದು ಕುಟ್ಟುತ್ತೇವೆ.

ಗೋಡೆ, ಗಾಜು, ತಗಡು

ರೇಡಿಯೊ ತರಂಗಕ್ಕೆ ಎಲ್ಲ ಗೋಡೆಯೂ ಒಂದೇ ಅಲ್ಲ. ಹಂಚಿನ ಮಾಡು, ಮರದ ಬಾಗಿಲು, ಸಾದಾ ಗಾಜಿನ ಕಿಟಕಿಯನ್ನು ಅದು ಸುಲಭವಾಗಿ ದಾಟುತ್ತದೆ. ಇಟ್ಟಿಗೆ ಗೋಡೆಗೆ ಸ್ವಲ್ಪ ಸುಂಕ ಕಟ್ಟುತ್ತದೆ. ಕಬ್ಬಿಣದ ಸರಳು ಹೆಣೆದ ಕಾಂಕ್ರೀಟ್ ಗೋಡೆಯಾದರೆ ಶಕ್ತಿಯ ಹತ್ತನೇ ಒಂದೋ, ನೂರನೇ ಒಂದೋ ಪಾಲು ಆಚೆ ಬಂದರೆ ಹೆಚ್ಚು. ಈಗಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆಯೇ ಇಲ್ಲ. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಚಾವಣಿ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಬೇಗ ಮುಗಿಯುತ್ತದೆ, ಗಟ್ಟಿಯಾಗಿರುತ್ತದೆ. ಮೊಳೆ ಹೊಡೆಯಲು ಹೋದವರಿಗೆ ಆ ಗಟ್ಟಿತನ ಗೊತ್ತು, ಸಿಗ್ನಲ್‌ಗೂ ಗೊತ್ತು.

ಅದಕ್ಕಿಂತ ದೊಡ್ಡ ಅಡ್ಡಿ ಗಾಜು. ಐಟಿ ಪಾರ್ಕುಗಳಲ್ಲಿ ಬಿಸಿಲಿನ ಝಳ ಒಳಗೆ ಬಾರದಿರಲೆಂದು ಹಾಕುವ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಇರುತ್ತದೆ, ಹಲವು ಸಲ ಬೆಳ್ಳಿಯದೇ. ಬೆಳಕನ್ನು ಬಿಟ್ಟು ಶಾಖವನ್ನು ಹಿಂದಕ್ಕೆ ಕಳಿಸುವುದು ಅದರ ಕೆಲಸ. ಫೋನಿನ ತರಂಗವನ್ನೂ ಅದು ಶಾಖದ ಜೊತೆಗೇ ವಾಪಸ್ ಕಳಿಸುತ್ತದೆ. ಇಂಥ ಗಾಜು ಕಾಂಕ್ರೀಟಿಗಿಂತ ಕೆಟ್ಟದ್ದಾಗಿರಬಹುದು. ಎಸಿ ಬಿಲ್ಲು ಉಳಿಸಿದ ಕಟ್ಟಡದಲ್ಲಿ ಮೀಟಿಂಗ್ ರೂಮಿನಿಂದ ಫೋನ್ ಮಾಡಲು ಮೆಟ್ಟಿಲ ಬಳಿ ಓಡಬೇಕಾಗುವುದು ಇದಕ್ಕೇ.

ಲಿಫ್ಟಿನ ವಿಷಯ ಹೇಳಬೇಕಾಗಿಲ್ಲ. ಸುತ್ತಲೂ ಲೋಹ ಮುಚ್ಚಿದ ಪೆಟ್ಟಿಗೆಯೊಳಗೆ ಹೊರಗಿನ ವಿದ್ಯುತ್ ಪ್ರಭಾವ ಇಳಿಯುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1836ರಲ್ಲೇ ಮಾಡಿ ತೋರಿಸಿದ್ದ. ನಾವು ದಿನಾ ನಾಲ್ಕು ಸಲ ಅದೇ ಪ್ರಯೋಗ ಮಾಡುತ್ತೇವೆ.

ಮಲೆನಾಡಿನ ಕಷ್ಟ ಬೇರೆ. ಅಲ್ಲಿ ಗೋಡೆಯ ಮಾತು ಆಮೇಲೆ, ಮೊದಲು ಗುಡ್ಡವೇ ಅಡ್ಡ. ಅದರ ಮೇಲೆ ಮಳೆಗಾಲದಲ್ಲಿ ಒದ್ದೆಯಾದ ಕಾಡು, ಮುರಕಲ್ಲಿನ ದಪ್ಪ ಗೋಡೆ, ಸೋರುತ್ತದೆಂದು ಹೆಂಚು ತೆಗೆದು ಹಾಕಿದ ತಗಡಿನ ಶೀಟು. ಅಲ್ಲಿನ ಮನೆಗಳಲ್ಲಿ ಒಂದು ನೋಟ ಸಾಮಾನ್ಯ: ಉಪ್ಪರಿಗೆಯ ಕಿಟಕಿಯ ಮೊಳೆಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನೇತುಹಾಕಿದ ಮೊಬೈಲು. ‘ರೇಂಜ್’ ಸಿಗುವುದು ಆ ಒಂದೇ ಜಾಗದಲ್ಲಿ. ರಿಂಗಾದರೆ ಕೆಳಗಿನಿಂದ ಓಡಿಬಂದು ಸ್ಪೀಕರ್ ಹಾಕಿ ಮಾತಾಡುತ್ತಾರೆ. ಜೇಬಿನಲ್ಲಿ ಇರಬೇಕಾದ ಫೋನು ಮತ್ತೆ ಲ್ಯಾಂಡ್‌ಲೈನ್ ಆಗಿದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಆನ್‌ಲೈನ್ ಪಾಠಕ್ಕಾಗಿ ರಸ್ತೆ ಬದಿಯಲ್ಲಿ ಕುಳಿತ ಮಗಳಿಗೆ ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತ್ತು.

ಹಳೇ ಫೋನಿಗೆ ಸಿಗುತ್ತಿತ್ತಲ್ಲ?

ಅಪ್ಪಂದಿರು ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. 1995ರ ಜುಲೈ 31ರಂದು ಕೋಲ್ಕತ್ತದಿಂದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖ್ ರಾಮ್ ಅವರೊಂದಿಗೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆ ತಲೆಮಾರಿನ 2ಜಿ ಹೆಚ್ಚಾಗಿ ನಡೆದದ್ದು 900 ಮೆಗಾಹರ್ಟ್ಸ್‌ನಲ್ಲಿ. ಅದರ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, ಒಂದಡಿಗಿಂತ ತುಸು ಹೆಚ್ಚು. ಉದ್ದನೆಯ ಅಲೆ ದೂರ ಹೋಗುತ್ತದೆ, ಮೂಲೆಗಳನ್ನು ಬಳಸಿ ಬರುತ್ತದೆ, ಗೋಡೆಗೆ ಅಷ್ಟಾಗಿ ಹೆದರುವುದಿಲ್ಲ.

ಆಮೇಲೆ ನಮಗೆ ಮಾತು ಸಾಲದೆ ಹೋಯಿತು. ಚಿತ್ರ ಬೇಕಾಯಿತು, ವಿಡಿಯೊ ಬೇಕಾಯಿತು. ಅಷ್ಟು ಸರಕು ಸಾಗಿಸಲು ಅಗಲವಾದ ದಾರಿ ಬೇಕು, ಅದು ಸಿಗುವುದು ಮೇಲಿನ ತರಂಗಾಂತರಗಳಲ್ಲಿ. 4ಜಿ 1800, 2300ಕ್ಕೆ ಏರಿತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಚಾಲನೆಗೊಂಡ 5ಜಿಯ ಮುಖ್ಯ ಸವಾರಿ 3500ರ ಆಸುಪಾಸಿನಲ್ಲಿ. ಅಲ್ಲಿ ಅಲೆಯ ಉದ್ದ ಎಂಟೂವರೆ ಸೆಂಟಿಮೀಟರ್. ವೇಗ ಭರ್ಜರಿ, ಗೋಡೆ ಕಂಡರೆ ಸುಸ್ತು. ಹೊರಗೆ ರಸ್ತೆಯಲ್ಲಿ 5ಜಿ ಎಂದು ಮೆರೆಯುವ ಫೋನು ಒಳಗೆ ಬಂದೊಡನೆ 5ಜಿ, 4ಜಿ, ಮತ್ತೆ 5ಜಿ ಎಂದು ತೂಗಾಡುತ್ತ ಬ್ಯಾಟರಿ ಮುಗಿಸುವುದು ಈ ಕಾರಣಕ್ಕೆ. ಅಂಥ ಮನೆಯಲ್ಲಿ ನೆಟ್‌ವರ್ಕ್ ಸೆಟ್ಟಿಂಗನ್ನು 4ಜಿಗೆ ಇಳಿಸಿ ನೋಡಿ. ನಾಚಿಕೆಪಡಬೇಕಾದ್ದೇನಿಲ್ಲ.

ಕಂಪನಿಯಿಂದ ಕಂಪನಿಗೆ ತರಂಗಾಂತರ ಬೇರೆ. ಒಂದರ ಬಳಿ 700 ಅಥವಾ 850ರ ಕೆಳಗಿನ ಅಲೆಗಳಿದ್ದರೆ ಅದು ನಿಮ್ಮ ಅಡುಗೆಮನೆ ಮುಟ್ಟಬಹುದು, ಇನ್ನೊಂದು ಬಾಗಿಲಲ್ಲೇ ನಿಲ್ಲಬಹುದು. ಎಲ್ಲೆಲ್ಲಿ ತಮ್ಮ ಸೇವೆ ಇದೆ ಎಂಬ ನಕ್ಷೆಯನ್ನು ಈಗ ಕಂಪನಿಗಳೇ ತಮ್ಮ ಜಾಲತಾಣದಲ್ಲಿ ಹಾಕಬೇಕು. ಆದರೆ ಆ ನಕ್ಷೆ ಹೇಳುವುದು ನಿಮ್ಮ ಬೀದಿಯ ಕತೆಯನ್ನು, ಬಚ್ಚಲಿನದ್ದಲ್ಲ. ಮನೆಗೆ ಬಂದ ನೆಂಟರ ಫೋನುಗಳನ್ನು ಅಡುಗೆಮನೆಗೆ ಒಯ್ದು ನೋಡುವುದೇ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ 2011ರಿಂದಲೇ ಇದೆ.

ಇನ್ನು ಎತ್ತರದ ಮಹಡಿಯವರ ದೂರು. ‘ಕಡ್ಡಿ ತುಂಬ ಇದೆ, ಆದರೂ ಮಾತು ಕಟ್ ಆಗುತ್ತೆ’ ಎನ್ನುತ್ತಾರೆ. ಟವರಿನ ಆಂಟೆನಾಗಳು ಮುಖ ಕೆಳಗೆ ಮಾಡಿ ರಸ್ತೆ ಕಡೆ ನೋಡುತ್ತಿರುತ್ತವೆ. ಹದಿನೆಂಟನೇ ಮಹಡಿಗೆ ಹತ್ತಿರದ ಯಾವ ಟವರೂ ಸರಿಯಾಗಿ ಮುಖ ಕೊಡುವುದಿಲ್ಲ, ದೂರದ ಹತ್ತು ಟವರು ಮಾತ್ರ ಒಟ್ಟಿಗೆ ಕೇಳಿಸುತ್ತವೆ. ಸಂತೆಯ ನಡುವೆ ನಿಂತು ಒಬ್ಬರ ಮಾತು ಕೇಳಿಸಿಕೊಳ್ಳುವ ಪಾಡು. ಟವರಿನ ನೇರ ಕೆಳಗಿನ ಮನೆಯವರದ್ದೂ ಹೀಗೇ. ದೀಪದ ಬುಡದಲ್ಲಿ ಕತ್ತಲೆ.

ಬೂಸ್ಟರಿನ ಕಿತಾಪತಿ

ಇಷ್ಟೆಲ್ಲ ಆದ ಮೇಲೆ ಯಾರೋ ಹೇಳುತ್ತಾರೆ: ‘ಸಾರ್, ಒಂದು ಬೂಸ್ಟರ್ ಹಾಕಿಸಿಬಿಡಿ.’ ಟೆರೇಸಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ, ಕೇಬಲ್ಲು, ಒಂದು ಡಬ್ಬಿ, ಒಳಗೆ ಇನ್ನೊಂದು ಆಂಟೆನಾ. ಮೇಲೆ ಹಿಡಿದದ್ದನ್ನು ಡಬ್ಬಿ ಹಿಗ್ಗಿಸಿ ಒಳಗೆ ಬಿಡುತ್ತದೆ. ಫೋನಿನ ಮಾತನ್ನು ಹಿಗ್ಗಿಸಿ ಟವರಿನತ್ತ ಎಸೆಯುತ್ತದೆ. ಕೆಲಸ ಮಾಡುತ್ತದೆಯೇ? ಮಾಡುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಮದುವೆ ಛತ್ರದಲ್ಲಿ ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದರೆ ಏನಾಗುತ್ತದೆ? ಸ್ಪೀಕರಿನ ದನಿ ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಸುತ್ತಿ ಕುಂಯ್ಯೋ ಎಂದು ಕಿವಿ ಕೀಳುತ್ತದೆ. ಅಗ್ಗದ ಬೂಸ್ಟರಿನ ಒಳಗಿನ ಆಂಟೆನಾ ಮತ್ತು ಹೊರಗಿನ ಆಂಟೆನಾ ಹತ್ತಿರವಿದ್ದರೆ ಇದೇ ಆಗುತ್ತದೆ. ಈ ಕಿರುಚಾಟ ನಮ್ಮ ಕಿವಿಗೆ ಬೀಳುವುದಿಲ್ಲ, ಟವರಿಗೆ ಬೀಳುತ್ತದೆ. ಲಕ್ಷ ಕೋಟಿಯಲ್ಲೊಂದು ಪಾಲಿನ ಪಿಸುಮಾತು ಕೇಳಲು ಕಿವಿಗೊಟ್ಟು ಕುಳಿತ ಟವರು ಕಿವುಡಾದರೆ ಆ ಕಡೆಯ ನೂರಾರು ಮನೆಯ ಫೋನು ಒಟ್ಟಿಗೆ ತತ್ತರಿಸುತ್ತವೆ. ಒಬ್ಬನ ಹಾಲು ಸರಿಹೋಗಲು ಇಡೀ ಬೀದಿ ಬಾಲ್ಕನಿಗೆ ಬರಬೇಕು. ಅವರೂ ಒಂದೊಂದು ಬೂಸ್ಟರ್ ಹಾಕಿದರೆ ಕತೆ ಮುಗಿಯಿತು. ನೀರಿನ ಪೈಪಿಗೆ ನೇರ ಮೋಟಾರು ಹಾಕಿ ಎಳೆಯುವವರನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನೂ ಸ್ಪಷ್ಟ. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳ ಹೊರತು ಬೇರಾರೂ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಬಳಸುವಂತಿಲ್ಲ ಎಂದು 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಮತ್ತೊಮ್ಮೆ ಎಚ್ಚರಿಸಿತ್ತು. ಆನ್‌ಲೈನ್ ಅಂಗಡಿಯಲ್ಲಿ ಕಂಡಿತು, ಬೀದಿಯ ಅಂಗಡಿಯವನು ಬಿಲ್ಲು ಕೊಟ್ಟ ಎಂಬುದು ರಕ್ಷಣೆಯಲ್ಲ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಸೂಟ್‌ಕೇಸಿನಲ್ಲಿ ಒಂದನ್ನು ತಂದುಕೊಡುವುದೂ ಉಂಟು. ಅಲ್ಲಿ 2013ರಲ್ಲಿ ನಿಯಮ ರೂಪಿಸಿ, ಗೊತ್ತುಪಡಿಸಿದ ಗುಣಮಟ್ಟದ ಬೂಸ್ಟರುಗಳನ್ನು ಕಂಪನಿಯಲ್ಲಿ ನೋಂದಾಯಿಸಿ ಬಳಸಲು ಬಿಟ್ಟಿದ್ದಾರೆ. ಬ್ರಿಟನ್ನಿನಲ್ಲೂ 2018ರಿಂದ ಮನೆಯೊಳಗಿನ ಕೆಲವು ಬಗೆಯವಕ್ಕೆ ಅನುಮತಿ ಇದೆ. ಆದರೆ ಅಲ್ಲಿನ ಹಲವು ತರಂಗಾಂತರ ಇಲ್ಲಿನವಲ್ಲ. ಅಮೆರಿಕದ ಡಬ್ಬಿಗೆ ನಮ್ಮ 2300ರ ಪರಿಚಯವೇ ಇರುವುದಿಲ್ಲ. ಕಸ್ಟಮ್ಸ್ ದಾಟಿ ಬಂದರೂ ಅದು ಉಪಯೋಗಕ್ಕೆ ಬಾರದ ಅಪರಾಧ.

ವೈಫೈ ಮೂಲಕ ಮಾತು

ನಾನು ಹೆಚ್ಚಿನವರಿಗೆ ಹೇಳುವ ಮದ್ದು ಒಂದೇ, ಅದಕ್ಕೆ ಕಾಸೂ ಬೇಡ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನ ಸಿಮ್ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಎಂಬುದನ್ನು ಆನ್ ಮಾಡಿ. ಖಾಸಗಿ ಕಂಪನಿಗಳು ಇದನ್ನು 2019ರ ಕೊನೆ, 2020ರ ಆರಂಭದಲ್ಲೇ ದೇಶದಲ್ಲಿ ತಂದವು. ಎಷ್ಟೋ ಫೋನುಗಳಲ್ಲಿ ಆ ಗುಂಡಿ ಮಾತ್ರ ಇಂದಿಗೂ ಆಫ್ ಆಗಿಯೇ ಇದೆ.

ಆನ್ ಮಾಡಿದರೆ ನಡೆಯುವುದಿಷ್ಟು: ನಿಮ್ಮ ಕರೆ ಗೋಡೆ ದಾಟಿ ಟವರಿಗೆ ಹೋಗುವ ಬದಲು ಪಕ್ಕದ ರೂಟರಿಗೆ ಹೋಗುತ್ತದೆ. ಅಲ್ಲಿಂದ ಕೇಬಲ್ಲಿನೊಳಗೆ, ಬೇರೆಯವರು ಕದ್ದು ಕೇಳದಂತೆ ಬೀಗ ಹಾಕಿದ ಸುರಂಗದಲ್ಲಿ, ನಿಮ್ಮ ಕಂಪನಿಯ ಯಂತ್ರ ತಲುಪುತ್ತದೆ. ನಂಬರ್ ಅದೇ, ಪ್ಲಾನ್ ಅದೇ, ಆ್ಯಪ್ ಬೇಡ, ಎದುರಿನವರ ಫೋನಿನಲ್ಲಿ ಏನೂ ಮಾಡಬೇಕಿಲ್ಲ. ಸಾಮಾನ್ಯವಾಗಿ ಒಟಿಪಿ ಮೆಸೇಜೂ ಇದೇ ದಾರಿಯಲ್ಲಿ ಬರುತ್ತದೆ. ಮಾತಾಡುತ್ತ ಗೇಟು ದಾಟಿದರೆ ಕರೆ ತಾನೇ ಟವರಿಗೆ ಜಿಗಿಯುತ್ತದೆ. ಆ ಜಿಗಿತದಲ್ಲಿ ಒಮ್ಮೊಮ್ಮೆ ಕಾಲು ಜಾರುವುದೂ ಇದೆ.

ಇದಕ್ಕೆ ಎರಡು ಷರತ್ತು. ವೈಫೈ ಕೂಡ ರೇಡಿಯೊ ತರಂಗವೇ, ಅದಕ್ಕೂ ಅದೇ ಕಾಂಕ್ರೀಟಿನ ಗೋಡೆ. ಟಿವಿ ಹಿಂದೆ ಮೂಲೆಯಲ್ಲಿ ತುರುಕಿದ ರೂಟರು ಬೆಡ್‌ರೂಮಿಗೆ ತಲುಪದಿದ್ದರೆ ಮನೆಯ ನಡುವೆ, ತಲೆಗಿಂತ ಎತ್ತರಕ್ಕೆ ತನ್ನಿ. ದೊಡ್ಡ ಮನೆಗೆ ಎರಡು ರೂಟರು, ನಡುವೆ ಕೇಬಲ್ಲು. ಎರಡನೆಯದು, ಕರೆಂಟ್. ರೂಟರು ಸತ್ತರೆ ಫೋನೂ ಮೂಕ. ರೂಟರಿಗೆಂದೇ ಅಂಗೈ ಅಗಲದ ಪುಟ್ಟ ಯುಪಿಎಸ್ ಸಿಗುತ್ತದೆ, ಕೊಂಡಿಡಿ.

ಮಲೆನಾಡಿನ ಅಡಿಕೆ ತೋಟದ ಮನೆಗಳಿಗೂ ಟವರ್‌ಗಿಂತ ಮೊದಲು ಫೈಬರ್ ಕೇಬಲ್ಲು ಬಂದದ್ದುಂಟು. ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು, ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಎಳೆದದ್ದು. ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ಮೂರು ದಿನ ಮೌನ. ಆದರೂ ಉಪ್ಪರಿಗೆಯ ಮೊಳೆಯಿಂದ ಮೊಬೈಲು ಕೆಳಗಿಳಿದದ್ದು ಆ ಕೇಬಲ್ಲಿನಿಂದಲೇ.

ಚಾವಣಿಯ ಬಿಳಿ ತಟ್ಟೆ

ದೊಡ್ಡ ಆಸ್ಪತ್ರೆ, ಮಾಲ್, ವಿಮಾನ ನಿಲ್ದಾಣದಲ್ಲಿ ತಲೆ ಎತ್ತಿ ನೋಡಿ. ಚಾವಣಿಯಲ್ಲಿ ಅಲ್ಲಲ್ಲಿ ಬಿಳಿಯ, ತಟ್ಟೆ ಇಡ್ಲಿಯಷ್ಟು ಅಗಲದ ಬಿಲ್ಲೆ ಅಂಟಿಕೊಂಡಿರುತ್ತದೆ. ಹೊಗೆ ಪತ್ತೆ ಮಾಡುವ ಯಂತ್ರವೆಂದು ಅಂದುಕೊಳ್ಳುತ್ತೇವೆ. ಹಲವು ಕಡೆ ಅದು ಆಂಟೆನಾ. ಕಂಪನಿಯ ಯಂತ್ರವನ್ನೇ ನೆಲಮಾಳಿಗೆಗೆ ತಂದಿಟ್ಟು, ಕೇಬಲ್ಲಿನಲ್ಲಿ ಮಹಡಿ ಮಹಡಿಗೆ ಹಂಚಿ, ಈ ತಟ್ಟೆಗಳಿಂದ ಮೆಲ್ಲಗೆ ಸುರಿಸುತ್ತಾರೆ. ದೊಡ್ಡ ಟ್ಯಾಂಕಿನಿಂದ ಮನೆಮನೆಗೆ ನಲ್ಲಿ ಹಾಕಿಸಿದಂತೆ. ಸುರಂಗಗಳಲ್ಲಿ ತಟ್ಟೆಯ ಬದಲು ಉದ್ದಕ್ಕೂ ಸಣ್ಣ ಸೀಳುಗಳಿರುವ ಕೇಬಲ್ ಎಳೆಯುತ್ತಾರೆ. ಬೇಕೆಂದೇ ಸೋರುವ ಪೈಪು ಅದು.

ಅಪಾರ್ಟ್‌ಮೆಂಟಿಗೂ ಇದನ್ನು ಹಾಕಿಸಬಹುದು. ಆದರೆ ಮನೆಯವರೊಬ್ಬರು ಕೇಳಿದರೆ ಆಗದು, ಸಂಘದಿಂದ ಕಂಪನಿಗೆ ಪತ್ರ ಹೋಗಬೇಕು. ಕಟ್ಟುವಾಗಲೇ ಪೈಪು, ಯಂತ್ರಕ್ಕೊಂದು ಕೋಣೆ ಬಿಟ್ಟಿದ್ದರೆ ಸಲೀಸು. ಇಲ್ಲವೆಂದರೆ ಫಾಲ್ಸ್ ಸೀಲಿಂಗ್ ಒಡೆಯುವ ಜಗಳ. ಇನ್ನೊಂದು ಚಾಳಿ, ಬಿಲ್ಡರ್ ಒಂದೇ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಉಳಿದವರಿಗೆ ಬಾಗಿಲು ಹಾಕುವುದು. ಇಂಥ ಏಕಸ್ವಾಮ್ಯ ಬೇಡವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ‘ಟ್ರಾಯ್’ 2017ರ ಜನವರಿಯಲ್ಲೇ ಶಿಫಾರಸು ಮಾಡಿತ್ತು.

2024ರ ಅಕ್ಟೋಬರ್‌ನಲ್ಲಿ ಟ್ರಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಟ್ಟಡದೊಳಗೆ ಮೊಬೈಲು, ಫೈಬರು, ವೈಫೈ ಎಷ್ಟು ಚೆನ್ನಾಗಿದೆ ಎಂದು ಅಳೆದು, ಹೋಟೆಲಿಗೆ ಕೊಡುವಂತೆ ನಕ್ಷತ್ರ ಕೊಡುವ ನಿಯಮ ತಂದಿತು. ಇದು ಕಡ್ಡಾಯವಲ್ಲ, ಕಟ್ಟಡದವರೇ ಮುಂದೆ ಬಂದು ಕೇಳಬೇಕು. ಕೊಳ್ಳುವವರು ಕೇಳದೆ ಬಿಲ್ಡರ್ ಕೇಳುತ್ತಾನೆಯೇ? ಫ್ಲ್ಯಾಟು ನೋಡಲು ಹೋದಾಗ ನಾವು ವಾಸ್ತು ನೋಡುತ್ತೇವೆ, ಕಾವೇರಿ ನೀರು ಬರುತ್ತದೆಯೇ ಎಂದು ಕೇಳುತ್ತೇವೆ. ಬಚ್ಚಲಿನಲ್ಲಿ ನಿಂತು ಒಂದು ಫೋನ್ ಮಾಡಿ ನೋಡುವುದಿಲ್ಲ.

ಸಿಗ್ನಲ್ ಬೇಕು, ಟವರ್ ಬೇಡ

ಸಂಘದ ಸಭೆಯಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ‘ರೇಡಿಯೇಷನ್’ ಎನ್ನುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ಭಯವನ್ನು ಗೇಲಿ ಮಾಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ತರಂಗಗಳನ್ನು ‘ಬಹುಶಃ ಇರಬಹುದು’ ಎಂಬ ಅನುಮಾನದ ಪಟ್ಟಿಗೆ ಸೇರಿಸಿದ್ದು ನಿಜ. ಅದೇ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಭಾರತ 2012ರ ಸೆಪ್ಟೆಂಬರ್‌ನಲ್ಲಿ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತ್ತು.

ಸಭೆಯಲ್ಲಿ ಯಾರೂ ಹೇಳದ ಮಾತೊಂದಿದೆ. ತಲೆಗೆ ಅಂಟಿಕೊಂಡಿರುವುದು ಟವರಲ್ಲ, ಫೋನು. ಸಿಗ್ನಲ್ ಚೆನ್ನಾಗಿದ್ದರೆ ಫೋನು ಪಿಸುಗುಡುತ್ತದೆ. ಟವರು ದೂರವಾದಷ್ಟೂ, ಗೋಡೆ ದಪ್ಪವಾದಷ್ಟೂ ತನ್ನ ಶಕ್ತಿಯೆಲ್ಲ ಹಾಕಿ ಕೂಗುತ್ತದೆ. ಕಿವಿಯ ಪಕ್ಕದಲ್ಲೇ ಕೂಗುತ್ತದೆ, ಬಿಸಿಯಾಗುತ್ತದೆ, ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಟವರನ್ನು ಓಡಿಸಿದವರು ಫೋನಿನ ವಿಕಿರಣವನ್ನು ಮನೆಗೆ ಕರೆದಂತೆಯೇ.

ನಮ್ಮ ಕಟ್ಟಡದಲ್ಲೂ ಕಳೆದ ತಿಂಗಳು ಈ ಸಭೆ ಆಯಿತು. ನೆಲಮಾಳಿಗೆಯ ಹಾಲಿನಲ್ಲಿ, ಎರಡು ಗಂಟೆ. ಟೆರೇಸಿನ ಟವರು ಬೇಡ ಎಂಬುದಕ್ಕೆ ಬಹುಮತ, ಒಳಗಿನ ಬಿಳಿ ತಟ್ಟೆಗೆ ಎರಡು ಕಂಪನಿಗಳಿಂದ ದರ ತರಿಸೋಣ ಎಂಬುದಕ್ಕೂ ಬಹುಮತ. ಊರಲ್ಲಿಲ್ಲದ ಖಜಾಂಚಿಯವರ ಒಪ್ಪಿಗೆಯೊಂದು ಬೇಕಿತ್ತು. ಕಾರ್ಯದರ್ಶಿಗಳು ಫೋನ್ ಕೈಗೆತ್ತಿಕೊಂಡವರು ಒಮ್ಮೆ ಚಾವಣಿ ನೋಡಿದರು. ‘ಒಂದ್ನಿಮಿಷ ಇರಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಹತ್ತಿದರು.